ಅಂಗಳದ ಕೋಲು, ವರ್ಷದ ನೆರಳು

ಅಧ್ಯಾಪಕರಾದವರು ವರ್ಷಕ್ಕೊಂದು ಪ್ರಶ್ನೆಯನ್ನಾದರೂ ತಮಗಾಗಿಯೇ ಇಟ್ಟುಕೊಳ್ಳಬೇಕು ಎಂಬ ಮಾತು ತರಬೇತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಪಠ್ಯಕ್ಕೆ ಸೇರದ, ಪರೀಕ್ಷೆಗೆ ಬಾರದ, ಉತ್ತರ ಮೊದಲೇ ಕೈಯಲ್ಲಿರದ ಪ್ರಶ್ನೆ. ಮುಂಜಾನೆ ಮದ್ರಸ, ಆ ಬಳಿಕ ಶಾಲೆಯಲ್ಲಿ ಕನ್ನಡ ಪಾಠ, ರಾತ್ರಿ ಉತ್ತರ ಪತ್ರಿಕೆಗಳ ಕಟ್ಟು; ಇವುಗಳ ನಡುವೆ ಬಿಡುವೆಲ್ಲಿ ಎಂದು ಕೇಳಿದವರಲ್ಲಿ ನಾವೂ ಒಬ್ಬರು. ಆದರೂ ಒಂದು ನವೆಂಬರಿನಲ್ಲಿ ಆರಂಭಿಸಿಯೇ ಬಿಟ್ಟೆವು. ನಾವು ಆರಿಸಿಕೊಂಡದ್ದು ನೆರಳನ್ನು.

ಅದಕ್ಕೆ ಕಾರಣ ಮಸೀದಿಯ ಗೋಡೆಯಲ್ಲಿ ತೂಗುವ ನಮಾಝಿನ ವೇಳಾಪಟ್ಟಿ. ಮಂಗಳೂರಿನ ಆಸುಪಾಸಿನ ನಮ್ಮ ಊರುಗಳಲ್ಲಿ ಝುಹರ್‌ನ ವೇಳೆ ನವೆಂಬರಿನ ಮೊದಲಲ್ಲಿ 12.15ರ ಸುಮಾರಿಗೆ ಬಂದರೆ, ಫೆಬ್ರವರಿಯಲ್ಲಿ 12.45ರ ಆಚೀಚೆಗೆ ಸರಿದಿರುತ್ತದೆ. "ಮಧ್ಯಾಹ್ನ ಅಂದ್ರೆ ಹನ್ನೆರಡು ಗಂಟೆ ಅಲ್ವಾ ಉಸ್ತಾದ್?" ಎಂದು ಮದ್ರಸದ ಬಾಲಕಿಯೊಬ್ಬಳು ಕೇಳಿದಳು. ಸೂರ್ಯನು ನೆತ್ತಿಯ ರೇಖೆಯನ್ನು ದಾಟಿ ಪಶ್ಚಿಮಕ್ಕೆ ವಾಲುವುದೇ ಝುಹರ್‌ನ ಆರಂಭ ಎಂಬ ಉತ್ತರ ಕಿತಾಬುಗಳಲ್ಲಿದೆ. ಅದನ್ನು ನಾವು ಕಲಿತಿದ್ದೆವು, ಕಲಿಸುತ್ತಲೂ ಇದ್ದೆವು. ಅದನ್ನು ಕಣ್ಣಾರೆ ಕಾಣುವುದು ಬೇರೆಯೇ ಕೆಲಸ.

ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿ, ಊಟದ ಬಿಡುವಿನಲ್ಲಿ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕತೊಡಗಿದೆವು. ಅತಿ ಗಿಡ್ಡ ನೆರಳಿನ ಕ್ಷಣವೇ ನಡುಹಗಲು. ಆದರೆ ಆ ಹೊತ್ತಿನಲ್ಲಿ ನೆರಳು ಬಹಳ ನಿಧಾನವಾಗಿ ಬದಲಾಗುವುದರಿಂದ ಅದು ಯಾವ ನಿಮಿಷವೆಂದು ಹೇಳುವುದೇ ಕಷ್ಟ. ಪೂರ್ವಿಕರು ಇದಕ್ಕೊಂದು ಉಪಾಯ ಕಂಡಿದ್ದರು. ಕೋಲಿನ ಸುತ್ತ ವೃತ್ತ ಬರೆದು, ಬೆಳಿಗ್ಗೆ ನೆರಳಿನ ತುದಿ ಅದರೊಳಗೆ ಬರುವ ಬಿಂದುವನ್ನೂ ಮಧ್ಯಾಹ್ನದ ನಂತರ ಹೊರಹೋಗುವ ಬಿಂದುವನ್ನೂ ಗುರುತಿಸಿದರೆ ಅವೆರಡರ ನಡುವೆ ಉತ್ತರ ದಕ್ಷಿಣದ ಗೆರೆ ಸಿಗುತ್ತದೆ. ನೆರಳು ಆ ಗೆರೆಯ ಮೇಲೆ ಬಿದ್ದಾಗ ನಡುಹಗಲು. ಅರಬಿ ಗ್ರಂಥಗಳಲ್ಲಿ ಇದರ ಹೆಸರು 'ಅದ್ದಾಇರತುಲ್ ಹಿಂದಿಯ್ಯ', ಅಂದರೆ ಭಾರತೀಯ ವೃತ್ತ. ನಮ್ಮ ನೆಲದ ವಿದ್ಯೆಯೊಂದು ಅರಬಿ ಹೆಸರು ಹೊತ್ತು ನಮ್ಮ ಅಂಗಳಕ್ಕೇ ಮರಳಿ ಬಂದದ್ದು ಮಕ್ಕಳಿಗಿಂತ ನಮಗೇ ಹೆಚ್ಚು ಖುಷಿ ಕೊಟ್ಟಿತು.

ಗಡಿಯಾರದ ಒಗಟು ಬಿಡಿಸಲು ಭೂಪಟ ಬೇಕಾಯಿತು. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿದೆ. ಮಂಗಳೂರು ಇರುವುದು 75ರ ಸಮೀಪ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ನಡುಹಗಲು ಸರಾಸರಿ ಅರ್ಧ ಗಂಟೆ ತಡ. ಉಳಿದ ಏರಿಳಿತ ಭೂಮಿಯ ಅಕ್ಷದ ಓರೆಯಿಂದ ಮತ್ತು ಅದರ ಕಕ್ಷೆ ಪೂರ್ಣ ವೃತ್ತವಲ್ಲದ್ದರಿಂದ ಆಗುವುದು.

ಡಿಸೆಂಬರಿನ ಕೊನೆಯಲ್ಲಿ ನಡುಹಗಲ ನೆರಳು ಉತ್ತರಕ್ಕೆ 73 ಸೆಂಟಿಮೀಟರ್ ಚಾಚಿತ್ತು. ಎಪ್ರಿಲ್ 24ರ ಹೊತ್ತಿಗೆ, ಶಾಲೆಗೆ ರಜೆಯಿದ್ದರೂ ಬಂದ ನಾಲ್ಕಾರು ಮಕ್ಕಳ ಎದುರಲ್ಲಿ, ಅದು ಕೋಲಿನ ಬುಡದಲ್ಲಿ ಕರಗಿಹೋಯಿತು. ಜೂನಿನಲ್ಲಿ ಒಂದು ದಿನ ಮಳೆ ಹೊಳವಾದಾಗ, ಸೂರಾಗಳನ್ನು ಬಾಯಿಪಾಠ ಮಾಡಲು ಸದಾ ತಡಕಾಡುವ ಹುಡುಗನೊಬ್ಬ ಓಡಿಬಂದು, "ಉಸ್ತಾದ್, ನೆರಳು ಆಚೆ ಬದಿಗೆ ಬಿದ್ದಿದೆ" ಎಂದ. ಹೌದು, ದಕ್ಷಿಣಕ್ಕೆ! ಸೂರ್ಯ ನಮ್ಮನ್ನು ದಾಟಿ ಉತ್ತರಕ್ಕೆ ಹೋಗಿದ್ದ. ಪಾಠ ಒಪ್ಪಿಸುವಾಗ ತಲೆ ತಗ್ಗಿಸುವ ಆ ಹುಡುಗ, ಬಿಸಿಲಿನಲ್ಲಿ ನಿಂತಾಗ ಉಳಿದವರಿಗೆ ಕಾಣದ್ದನ್ನು ಕಂಡಿದ್ದ. ತರಗತಿಯಲ್ಲಿ ಯಾರನ್ನು ಮುಂದೆ, ಯಾರನ್ನು ಹಿಂದೆ ಕೂರಿಸುತ್ತೇವೆ ಎಂಬುದು ನಾವು ಯಾವ ಬಗೆಯ ಪ್ರಶ್ನೆ ಕೇಳುತ್ತೇವೆ ಎಂಬುದನ್ನೇ ಅವಲಂಬಿಸಿದೆ.

ಜಿಬ್ರೀಲ್ (ಅ) ಅವರು ಕಅಬಾದ ಬಳಿ ಪ್ರವಾದಿ (ಸ) ಅವರಿಗೆ ನಮಾಝಿನ ವೇಳೆಗಳನ್ನು ಕಲಿಸಿಕೊಟ್ಟ ಹದೀಸ್ ಓದುಗರಿಗೆ ತಿಳಿದದ್ದೇ. ಮೊದಲ ದಿನದ ಝುಹರ್‌ನಲ್ಲಿ ನೆರಳು ಪಾದರಕ್ಷೆಯ ಪಟ್ಟಿಯಷ್ಟಿತ್ತು ಎಂದು ಅದರಲ್ಲಿ ಬರುತ್ತದೆ. ಮಕ್ಕಾ ಇರುವುದು 21.4 ಡಿಗ್ರಿ ಅಕ್ಷಾಂಶದಲ್ಲಿ. ಮೇ ಕೊನೆಗೆ ಮತ್ತು ಜುಲೈ ನಡುವೆ ಅಲ್ಲಿ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ವರ್ಷಗಳಿಂದ ಓದಿಸುತ್ತಾ ಬಂದ ಆ ಒಂದು ಮಾತು ಕೋಲು ನೆಟ್ಟ ಮೇಲೆ ಕಣ್ಣೆದುರಿನ ದೃಶ್ಯವಾಯಿತು. ಅಸರ್‌ನ ಲೆಕ್ಕವೂ ಹಾಗೆಯೇ. ಶಾಫಿಈ ಮದ್‌ಹಬ್‌ನಂತೆ ನಡುಹಗಲ ನೆರಳಿಗೆ ಕೋಲಿನ ಉದ್ದ ಕೂಡಿಸಬೇಕು, ಹನಫೀ ಮದ್‌ಹಬ್‌ನಂತೆ ಅದರ ಎರಡು ಪಟ್ಟು. ಡಿಸೆಂಬರಿನಲ್ಲಿ ಒಂದು 173, ಇನ್ನೊಂದು 273 ಸೆಂಟಿಮೀಟರ್. ಎರಡೂ ಮದ್‌ಹಬ್‌ಗಳ ಮನೆಯ ಮಕ್ಕಳು ಒಂದೇ ಟೇಪಿನ ಎರಡು ತುದಿ ಹಿಡಿದು ಅಳೆದರು.

ಎಲ್ಲರಿಗೂ ಇದು ಹಿಡಿಸಲಿಲ್ಲ. "ಸರ್, ಇದು ಪರೀಕ್ಷೆಗೆ ಬರ್ತದಾ?" ಎಂದು ತಂದೆಯೊಬ್ಬರು ಕೇಳಿದರು. ಬರುವುದಿಲ್ಲ ಎಂದೆವು. ಅವರ ಆತಂಕ ಸಣ್ಣದಲ್ಲ. ಎಸ್ಸೆಸ್ಸೆಲ್ಸಿಯ ಅಂಕವೊಂದೇ ಮಗನಿಗೆ ಕೊಡಬಲ್ಲ ಆಸ್ತಿ ಎಂದು ನಂಬಿದವರಿಗೆ ಬಿಸಿಲಿನ ಕೋಲು ಏನು ಹೇಳೀತು? ಪಾಠದ ಒಂದು ಅವಧಿಯನ್ನೂ ಇದಕ್ಕೆ ಕೊಟ್ಟಿಲ್ಲ ಎಂದು ತಿಳಿಸಿದೆವು. ಅಷ್ಟರಿಂದ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಇತ್ತ ಅಂಗಡಿಯಲ್ಲಿ ಸಿಗುವ ಚಿತ್ರಗಳನ್ನು ತಂದು, ತಾಯಂದಿರು ರಾತ್ರಿ ಕೂತು ಅಂಟಿಸಿ, ಮಕ್ಕಳ ಹೆಸರು ಬರೆದು ಕಳುಹಿಸುವ 'ಪ್ರಾಜೆಕ್ಟ್'ಗಳಿಗೆ ಅಂಕ ಸಿಗುತ್ತದೆ, ಯಾರೂ ಆಕ್ಷೇಪಿಸುವುದಿಲ್ಲ.

ನಮ್ಮನ್ನು ಹೆಚ್ಚು ಬದಲಿಸಿದ್ದು ಮಳೆಗಾಲ. ಜೂನ್, ಜುಲೈ ತಿಂಗಳ ಪುಟಗಳಲ್ಲಿ ದಿನಗಟ್ಟಲೆ 'ಮೋಡ' ಎಂಬ ಒಂದೇ ಪದ. ಅಕ್ಕಪಕ್ಕದ ದಿನ ನೋಡಿ ಅಂದಾಜಿನಿಂದ ತುಂಬಿಸೋಣವೇ ಎಂದು ಮಕ್ಕಳು ಕೇಳಿದರು. ಬೇಡವೆಂದೆವು, ಕಾಣದ್ದನ್ನು ಕಂಡೆವೆಂದು ಬರೆಯುವುದು ಸಾಕ್ಷ್ಯಕ್ಕೆ ಬಗೆವ ದ್ರೋಹ. ಇಮಾಮ್ ಮಾಲಿಕ್‌ರಂಥ ಮಹಾ ವಿದ್ವಾಂಸರು ತಮ್ಮಲ್ಲಿಗೆ ಬಂದ ಎಷ್ಟೋ ಪ್ರಶ್ನೆಗಳಿಗೆ 'ನನಗೆ ತಿಳಿಯದು' ಎಂದೇ ಉತ್ತರಿಸುತ್ತಿದ್ದರು ಎಂಬುದನ್ನೂ ಹೇಳಿದೆವು. ಅಂದಿನಿಂದ ಉತ್ತರ ಪತ್ರಿಕೆಯ ಖಾಲಿ ಜಾಗವನ್ನು ನೋಡುವ ನಮ್ಮ ಕಣ್ಣು ಬೇರೆಯಾಗಿದೆ. ಸೊನ್ನೆ ಹಾಕುವ ಮೊದಲು, ಇದು ಸೋಮಾರಿತನವೋ ಮೋಡವೋ ಎಂದು ಮಗುವನ್ನು ಕರೆದು ಕೇಳುತ್ತೇವೆ. ಕೇಳಿದ ಪ್ರಶ್ನೆಗೆ ಮೂರು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಮುಂದಿನ ಬೆಂಚಿಗೆ ಹೋಗುವ ಆತುರವೂ ಕಡಿಮೆಯಾಗಿದೆ. ಎಪ್ರಿಲಿನ ನೆರಳಿಗಾಗಿ ನವೆಂಬರಿನಿಂದ ಕಾದವರಿಗೆ ಒಂದು ನಿಮಿಷ ದೊಡ್ಡದಲ್ಲ.

ಅದೇ ಜೂನಿನಲ್ಲಿ ವಿದ್ಯಾರ್ಥಿನಿಯೊಬ್ಬಳು ದುಬೈಯಲ್ಲಿ ಕಟ್ಟಡ ಕೆಲಸದಲ್ಲಿರುವ ತಂದೆಗೆ ಫೋನಿನಲ್ಲಿ ವಿಷಯ ತಿಳಿಸಿದಳು. ದುಬೈ ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿರುವುದರಿಂದ ಅಲ್ಲಿ ನೆರಳು ಎಂದೂ ದಕ್ಷಿಣಕ್ಕೆ ಬೀಳದು ಎಂದು ನಾವು ನಕ್ಷೆ ನೋಡಿ ಹೇಳಿದ್ದೆವು; ನೋಡಿ ಹೇಳುವವರು ಬೇಕಿತ್ತು. ಅವರು ಮಧ್ಯಾಹ್ನದ ವಿರಾಮಕ್ಕೆ ಮುನ್ನ ಮೀಟರ್ ಉದ್ದದ ಕಬ್ಬಿಣದ ಸರಳೊಂದನ್ನು ನಿಲ್ಲಿಸಿ ನೋಡಿ, ಧ್ವನಿಸಂದೇಶ ಕಳುಹಿಸಿದರು. ಮಗಳು ಅದನ್ನು ಎರಡು ಬಾರಿ ಕೇಳಿಸಿಕೊಂಡು ಪುಸ್ತಕದಲ್ಲಿ ಹೊಸದೊಂದು ಗೆರೆ ಎಳೆದಳು. ನಮ್ಮೂರಿನ ಸಾಲಿನಲ್ಲಿ 'ಮೋಡ'. ಅದರ ಪಕ್ಕದಲ್ಲಿ, 'ದುಬೈ, ಉಪ್ಪ ನೋಡಿದ್ದು, 3 ಸೆಂ.ಮೀ., ಉತ್ತರ'.