ಭಾಗ 1 ಆದಮೇಲೆ ಭಾಗ 10

ತೊಂಬತ್ತರ ದಶಕದಲ್ಲಿ ಶಿಕಾರಿಪುರದ ಮೈಕ್‌ಸೆಟ್ಟಿನವರು ಮದುವೆಗೆ ಹೊರಟರೆ ಹಾರ್ನು, ಆಂಪ್ಲಿಫೈಯರು, ವೈರಿನ ಸುರುಳಿಗಳ ಜೊತೆ ಕ್ಯಾಸೆಟ್ ತುಂಬಿದ ತಗಡಿನ ಪೆಟ್ಟಿಗೆಯೊಂದು ಟೆಂಪೊ ಹತ್ತುತ್ತಿತ್ತು. ಶಿರಾಳಕೊಪ್ಪ ದಾಟಿ ಸೊರಬದ ಕಡೆಯ ಹಳ್ಳಿ ಮುಟ್ಟಿ, ಮರಕ್ಕೆ ಹಾರ್ನು ಕಟ್ಟಿದರೆ ಶುರು. ಬೆಳಿಗ್ಗೆ ಸುಪ್ರಭಾತ, ಆಮೇಲೆ ದೇವರ ಹಾಡು, ಧಾರೆ ಹೊತ್ತಿಗೆ ವಾಲಗದವರಿಗೆ ಬಿಟ್ಟು ಸುಮ್ಮನಿರಬೇಕು, ಊಟದ ಪಂಕ್ತಿ ಕೂತ ಮೇಲೆ ಸಿನಿಮಾ ಹಾಡು. ಈ ಕ್ರಮವನ್ನು ಯಾರೂ ಬರೆದಿಟ್ಟಿರಲಿಲ್ಲ. ತಪ್ಪಿ ವಿರಹದ ಹಾಡು ಬಂತೋ, "ಏ ತಮ್ಮಾ, ತೆಗಿಯೋ ಅದನ್ನ" ಎಂದು ಹಿರಿಯರೊಬ್ಬರು ಚಪ್ಪರದ ಆ ತುದಿಯಿಂದಲೇ ಕೂಗುತ್ತಿದ್ದರು.

ರಾತ್ರಿಗೆ ಯಕ್ಷಗಾನ. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಸೈಡಿಗೆ ಅರ್ಧ ಗಂಟೆ. ಮೂರು ಗಂಟೆಯ ಪ್ರಸಂಗಕ್ಕೆ ಮೂರು ಕ್ಯಾಸೆಟ್, ಆರು ಸೈಡು. 1ಎ, 1ಬಿ ಎಂದು ಬರೆದ ಚೀಟಿ ಕಿತ್ತುಹೋಗಿದ್ದರೂ ಮೈಕ್‌ಸೆಟ್ ಹುಡುಗ ಭಾಗವತರ ಒಂದು ಪದ ಕೇಳಿ ಯಾವ ಸೈಡೆಂದು ಹೇಳುತ್ತಿದ್ದ. ಹಾಗಂತ ಆ ಕಾಲವೇ ಚಂದ ಎನ್ನಲಾರೆ. ಟೇಪು ರೋಲರಿಗೆ ಸುತ್ತಿಕೊಂಡರೆ ಮೆಲ್ಲಗೆ ಎಳೆದು, ಪೆನ್ಸಿಲ್ ತೂರಿಸಿ ಸುತ್ತಿ, ಸುಕ್ಕು ಬಿದ್ದ ಕಡೆ ಕೌರವ ಗೊಗ್ಗರು ದನಿಯಲ್ಲಿ ಮಾತಾಡುವುದನ್ನು ಸಹಿಸಬೇಕಿತ್ತು. ಆದರೂ ಎರಡನೇ ಭಾಗ ಬಿಟ್ಟು ಹತ್ತನೆಯದಕ್ಕೆ ತಾನಾಗಿ ಹಾರುವ ಚಾಳಿ ಟೇಪಿಗಿರಲಿಲ್ಲ.

ಈಗ ಸೊರಬದ ನೆಂಟರ ಮನೆಯಲ್ಲಿ ಲ್ಯಾಪ್‌ಟಾಪು ಒಳಗೆ, ಫೋನಿನಲ್ಲಿ ರಿಮೋಟ್ ಆ್ಯಪ್ ಹಿಡಿದವರು ಜಗಲಿಯಲ್ಲಿ. ಹಾಕಿದ್ದು ಹನ್ನೆರಡು ಫೈಲುಗಳ ‘ಗದಾಯುದ್ಧ’. ಭಾಗ 1ರಲ್ಲಿ ಸೈನ್ಯ ಕಳೆದುಕೊಂಡು ನಿಂತ ಕೌರವ ಮರುಕ್ಷಣ ಭಾಗ 10ರಲ್ಲಿ ತೊಡೆ ಮುರಿದುಕೊಂಡು ಬಿದ್ದ. 11, 12 ಮುಗಿಸಿ, ಭಾಗ 2ರಲ್ಲಿ ಎದ್ದು ವೈಶಂಪಾಯನ ಸರೋವರಕ್ಕೆ ಹೊರಟ!

ತಮಾಷೆಯೆಂದರೆ ಲ್ಯಾಪ್‌ಟಾಪಿನ ಫೋಲ್ಡರಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. 2001ರ ಎಕ್ಸ್‌ಪಿಯಿಂದೀಚೆಗೆ ವಿಂಡೋಸ್ ಹೆಸರಿನೊಳಗಿನ ಅಂಕಿಯನ್ನು ಸಂಖ್ಯೆಯಾಗಿಯೇ ಓದುತ್ತದೆ. ಆ್ಯಪ್ ಹಾಗಲ್ಲ, ಒಂದೊಂದೇ ಚಿಹ್ನೆ ಹೋಲಿಸುತ್ತದೆ. ಹತ್ತರ ಮೊದಲ ಚಿಹ್ನೆ 1, ಅದು 2ಕ್ಕಿಂತ ಮುಂಚೆ. ಅಲ್ಲಿಗೆ ಹತ್ತು ಎರಡನ್ನು ದಾಟಿ ಮುಂದೆ ಬಂತು. ಚಿಹ್ನೆಗಳ ಆ ಸಾಲು 1963ರ ಆಸ್ಕಿ ಪಟ್ಟಿಯಿಂದ ಬಂದದ್ದು. ಕನ್ನಡ ಅಂಕಿ ಹಾಕಿದರೂ ಪಾರಾಗುವಂತಿಲ್ಲ, ೧೦ ಅಲ್ಲಿಯೂ ೨ಕ್ಕಿಂತ ಮೊದಲೇ. ಇಷ್ಟು ವರ್ಷವಾದರೂ ಇದನ್ನು ನೋಡದೆ ಆ್ಯಪ್ ಹೊರಬಿಡುವವರದು ಶುದ್ಧ ಸೋಮಾರಿತನ ಎಂದೇ ನನ್ನ ಎಣಿಕೆ.

ಪೆನ್‌ಡ್ರೈವಿನದು ಬೇರೆಯೇ ರಗಳೆ. ಆಂಪ್ಲಿಫೈಯರಿನ ಯುಎಸ್‌ಬಿಗೆ ಚುಚ್ಚಿದರೆ ಅನೇಕ ಪ್ಲೇಯರುಗಳು ಹೆಸರನ್ನೇ ನೋಡುವುದಿಲ್ಲ, ಕಾಪಿ ಮಾಡಿದ ಸರದಿಯಲ್ಲಿ ಹಾಡುತ್ತವೆ. ಅದಕ್ಕೇ ಮೈಕ್‌ಸೆಟ್ಟಿನವರಲ್ಲಿ ಜಾಣರು ಖಾಲಿ ಡ್ರೈವಿಗೆ ಸುಪ್ರಭಾತದಿಂದ ಹಿಡಿದು ಒಂದೊಂದೇ ಫೈಲು ಹಾಕುತ್ತಾರೆ.

ಜಗಲಿಯ ಕೌರವನಿಗೆ ಸಿಕ್ಕ ಪರಿಹಾರ ಸೊನ್ನೆ. ಫೈಲುಗಳಿಗೆ 01, 02 ಎಂದು ಹೆಸರು ಬದಲಿಸಿ, ಶಫಲ್ ಆಫ್ ಇಟ್ಟಿದ್ದಾಯಿತು. ಹೆಸರು ಮುಟ್ಟಲು ಮನಸ್ಸಿಲ್ಲದವರು ನೋಟ್‌ಪ್ಯಾಡಿನಲ್ಲಿ ಫೈಲುಗಳ ಹೆಸರನ್ನು ಬೇಕಾದ ಸರದಿಯಲ್ಲಿ ಸಾಲಿಗೊಂದರಂತೆ ಬರೆದು, ಎಂ3ಯು ಎಂದು ಉಳಿಸಿ, ವಿಎಲ್‌ಸಿಯಲ್ಲಿ ತೆರೆಯಬಹುದು. ನಿಮ್ಮ ಮನೆಯ ಹಳೇ ಕ್ಯಾಸೆಟ್ಟುಗಳನ್ನು ಎಂಪಿ3 ಮಾಡಿಸುವುದಿದ್ದರೆ ಮೊದಲ ಫೈಲಿಗೇ 01 ಎಂದು ಹಾಕಿಸಿ. ನೂರು ದಾಟುವಂತಿದ್ದರೆ 001.