ಅಡುಗೆಕೋಣೆಗೊಂದು ಹಾಸು

ನಾನು ಪನಮರಂಗೆ ಸೊಸೆಯಾಗಿ ಬಂದಾಗ ಈ ಮನೆಯ ಅಡುಗೆಕೋಣೆಗೆ ಕೆಂಪು ಕಾವಿ ನೆಲ ಇತ್ತು. ಅದನ್ನು ಒಡೆಸಿ ಬಿಳಿ ಟೈಲ್ಸ್ ಹಾಕಿಸಬೇಕೆಂದು ಹಠ ಹಿಡಿದವಳು ನಾನೇ. ಈ ಊರಿನ ಹೊಳೆ ಮಾನಂದವಾಡಿ ಹೊಳೆಯನ್ನು ಕೂಡಿ ಕಬಿನಿಯಾಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಗೋಡೆಯೂ ಬೆವರುತ್ತದೆ. ಅಂಥದೊಂದು ಕರ್ಕಿಡಗಂ ಮಳೆಯಲ್ಲಿ (ನಮ್ಮ ಕಡೆ ಆಟಿ) ಅತ್ತೆ ಸಿಂಕಿನ ಎದುರು ಜಾರಿ ಬಿದ್ದರು. ಮಣಿಕಟ್ಟು ಮುರಿಯಿತು.

"ನೀರು ಚೆಲ್ಲಿತ್ತು ಮೋಳೆ, ನಾನೇ ನೋಡಲಿಲ್ಲ" ಎಂದರು. ಟೈಲ್ಸಿನ ಮಾತು ಒಮ್ಮೆಯೂ ಎತ್ತಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಕೂಡಲೇ ಫೋನಿನಲ್ಲಿ ಬಣ್ಣ ನೋಡಿ ಒಂದು ದಪ್ಪ ಹಾಸು ತರಿಸಿದೆ. ನೋಡಲು ಚಂದವೇ. ಆದರೆ ಒದ್ದೆಯಾದರೆ ವಾರವಾದರೂ ಒಣಗದು, ಮೀನಿನ ವಾಸನೆ ಬೇರೆ. ಅದರ ಅಂಚಿಗೆ ಅತ್ತೆಯ ಕಾಲ್ಬೆರಳು ತಾಗಿ ಎಡವುವುದನ್ನು ಕಂಡು ತೆಗೆದುಬಿಟ್ಟೆ. ನಂತರ ತೆಂಗಿನ ನಾರಿನ ಚವಿಟ್ಟಿ. ಅದು ಹಿತ್ತಿಲ ಬಾಗಿಲಿಗೆ ಸರಿ. ಬರಿಗಾಲಲ್ಲಿ ಗಂಟೆಗಟ್ಟಲೆ ನಿಲ್ಲುವವರಿಗೆ ಚುಚ್ಚುತ್ತದೆ.

ಅಷ್ಟು ದಿನವೂ ಅಲ್ಲಿ ನಿಲ್ಲುವವರನ್ನು ನಾನು ಕೇಳಿರಲಿಲ್ಲ. ಕೇಳಿದಾಗ ಅತ್ತೆ ಹೇಳಿದ್ದು ಇಷ್ಟೇ: "ತೆಳ್ಳಗಿರಲಿ, ಒಗೆಯಲು ಆಗಲಿ."

ತವರಿನಿಂದ ಬರುವಾಗ ಅವರನ್ನೂ ಕಣ್ಣೂರಿಗೆ ಕರೆಸಿಕೊಂಡೆ. ಬಾಸೆಲ್ ಮಿಷನ್ 19ನೇ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲೂ ಕಣ್ಣೂರಿನಲ್ಲೂ ನೇಯ್ಗೆ ಕಾರ್ಖಾನೆ ನಡೆಸಿತ್ತು. ಕಣ್ಣೂರು ಇಂದಿಗೂ ಕೈಮಗ್ಗಕ್ಕೆ ಹೆಸರಾದ ಊರು. ಅಂಗಡಿಯವ ಹಳದಿ, ನೀಲಿ ಎಲ್ಲ ಹರಡಿದ. ಅತ್ತೆ ಎಲ್ಲವನ್ನೂ ಮುಟ್ಟಿ ನೋಡಿ ಒಂದು ಕಡುಗೆಂಪು ಹತ್ತಿ ಹಾಸನ್ನು ಎತ್ತಿಕೊಂಡರು. "ಹಳೆಯ ನೆಲದ ಹಾಗೆಯೇ ಇದೆ" ಎಂದರು. ಅಷ್ಟರವರೆಗೆ ಆ ನೆಲ ಅವರಿಗೆ ಬೇಕಾಗಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ.

ಒಂದೇ ಬಣ್ಣದ್ದು ಎರಡು ತಂದೆವು. ಒಂದು ಸಿಂಕಿನ ಎದುರು, ಇನ್ನೊಂದು ಸೌದೆ ಒಲೆಯಿಂದ ಸ್ವಲ್ಪ ದೂರದ ಹಗ್ಗದಲ್ಲಿ ಒಣಗುತ್ತಿರುತ್ತದೆ. ಅಡಿಯಲ್ಲಿ ಜಾರದಂತೆ ರಬ್ಬರಿನ ಬಲೆ ಹಾಸಿದ್ದೇನೆ. ಗ್ಯಾಸಿನ ಎದುರು ಏನೂ ಹಾಕಿಲ್ಲ, ಬೆಂಕಿಯ ಭಯ. ಅರಿಶಿನದ ಕಲೆ ಕೆಂಪಿನಲ್ಲಿ ಅಷ್ಟಾಗಿ ಕಾಣುವುದಿಲ್ಲ.

ನಿಮ್ಮ ಮನೆಗೂ ಹಾಸು ತರುವುದಿದ್ದರೆ, ಬಣ್ಣ ನೋಡುವ ಮೊದಲು ಅಲ್ಲಿ ದಿನವೂ ನಿಲ್ಲುವವರನ್ನು ಒಂದು ಮಾತು ಕೇಳಿ. ನಾನು ಟೈಲ್ಸ್ ಹಾಕಿಸುವ ಮೊದಲೇ ಕೇಳಬೇಕಿತ್ತು.