ವಯನಾಡಿನ ಬೇಸಿಗೆಯಲ್ಲಿ ನಮ್ಮ ಮಕ್ಕಳು

ವಯನಾಡೆಂದರೆ ಮಳೆಯೆಂದೇ ಹೊರಗಿನವರು ತಿಳಿದಿದ್ದಾರೆ. ಮೈಸೂರಿನ ನಮ್ಮ ಬೀಗರು ಫೋನು ಮಾಡಿದಾಗ ಕುಶಲಕ್ಕಿಂತ ಮೊದಲು ಕೇಳುವುದು, “ನಿಮ್ಮಲ್ಲಿ ಮಳೆ ಹೇಗಿದೆ?” ಎಂದು. ಆದರೆ ಇಲ್ಲಿಯೇ ಬಾಳುವ ನಮ್ಮಂಥ ವ್ಯಾಪಾರಸ್ಥರಿಗೆ ನಾಲ್ಕು ಜನರ ಮುಖ ನೋಡಿ ಮಾತನಾಡಲು ಬಿಡುವು ಸಿಗುವುದು ಬೇಸಿಗೆಯಲ್ಲಿ ಮಾತ್ರ. ಡಿಸೆಂಬರಿನಿಂದ ಕಾಫಿ ಕೊಯ್ಲು, ಅದರ ಬೆನ್ನಿಗೇ ಕರಿಮೆಣಸು. ಫೆಬ್ರವರಿ ಮಾರ್ಚಿಯಲ್ಲಿ ಹೂಮಳೆ ಬಿದ್ದರೆ ವಾರದೊಳಗೆ ಕಾಫಿ ತೋಟವೆಲ್ಲ ಬೆಳ್ಳಗಾಗಿ, ಕಲ್ಪೆಟ್ಟದ ಪೇಟೆಯವರೆಗೂ ಮಲ್ಲಿಗೆಯಂಥ ವಾಸನೆ ಬರುತ್ತದೆ. ಹೂಮಳೆ ಸರಿಯಾಗಿ ಬಿದ್ದ ವರ್ಷ ಬಸದಿಯ ಕಾಣಿಕೆಯೂ ಧಾರಾಳ. ತಪ್ಪಿದ ವರ್ಷ ಎಲ್ಲರದ್ದೂ ಒಂದೇ ಮಾತು, “ನೋಡೋಣ.” ನಾವೂ ಹಾಗೆ ಹೇಳಿದವರೇ.

ಏಪ್ರಿಲ್ ಬಂತೆಂದರೆ ಕೇರಳದ ಶಾಲೆಗಳಿಗೆ ಎರಡು ತಿಂಗಳು ರಜೆ. ಕೊಚ್ಚಿ, ಬೆಂಗಳೂರು, ಕೊಯಮತ್ತೂರು ಎಂದು ಚದುರಿ ಹೋದ ನಮ್ಮ ಜೈನ ಕುಟುಂಬಗಳ ಮಕ್ಕಳು ಅಜ್ಜ ಅಜ್ಜಿಯ ಮನೆಗೆ ಬರುತ್ತಾರೆ. ಗುಂಡ್ಲುಪೇಟೆ ದಾರಿಯಿಂದ ಬರುವವರಿಗೆ ಮಾತ್ರ ನಾವು ಪ್ರತಿ ಸಲವೂ ಹೇಳಬೇಕು, ರಾತ್ರಿ ಒಂಬತ್ತರೊಳಗೆ ಬಂಡೀಪುರದ ಗೇಟು ದಾಟಿರಿ ಎಂದು. 2009ರಿಂದ ಆ ಕಾಡಿನ ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಬಿಡುವುದಿಲ್ಲ. ಆದರೂ ವರ್ಷಕ್ಕೆ ಒಬ್ಬರಾದರೂ ಗೇಟಿನ ಆಚೆ ಕಾರಿನಲ್ಲೇ ಮಲಗಿ, ಬೆಳಿಗ್ಗೆ ಕೆಂಪು ಕಣ್ಣಿನಿಂದ ನಮ್ಮ ಜಗಲಿ ಹತ್ತುತ್ತಾರೆ.

2025ರಲ್ಲಿ ಮಹಾವೀರ ಜಯಂತಿ ಏಪ್ರಿಲ್ 10ಕ್ಕೆ ಬಂತು. ಬೆಳಿಗ್ಗೆ ಪಂಚಾಮೃತ ಅಭಿಷೇಕ, ಮಧ್ಯಾಹ್ನ ಊಟ, ಆಮೇಲೆ ಪಲ್ಲಕ್ಕಿ. ನಮ್ಮ ಅಂಗಳದಲ್ಲಿ ಅಂದು ಆರು ಚೀಲ ಮೆಣಸು ಒಣಹಾಕಿತ್ತು. ಪಲ್ಲಕ್ಕಿಯು ಬಸದಿಯ ಮೆಟ್ಟಿಲು ಇಳಿಯುವ ಹೊತ್ತಿಗೆ ಬೆಟ್ಟದ ಕಡೆಯಿಂದ ಕಪ್ಪು ಮೋಡ ಎದ್ದಿತು. ಓದುಗರೆದುರು ಮುಚ್ಚಿಡುವುದೇಕೆ, ನಾವು ಹೆಗಲ ಮೇಲಿದ್ದ ಪಲ್ಲಕ್ಕಿಯ ಕೊಂಬನ್ನು ಪಕ್ಕದವರಿಗೆ ದಾಟಿಸಿ ಸ್ಕೂಟರು ಹತ್ತಿ ಮನೆಗೆ ಓಡಿದೆವು. ಮೆಣಸು ಒಳಗೆ ಬಂತು. ಮಳೆ ನಾಲ್ಕು ಹನಿ ಹಾಕಿ ಹೋಯಿತು. ಮರಳಿ ಬರುವಷ್ಟರಲ್ಲಿ ಮಂಗಳಾರತಿ ಮುಗಿದಿತ್ತು. ನಮ್ಮ ಮನೆಯವರು ಪ್ರಸಾದ ಕೊಡುತ್ತ, “ಅಪರಿಗ್ರಹದ ಭಾಷಣ ಚೆನ್ನಾಗಿತ್ತು, ನೀವು ಕೇಳಬೇಕಿತ್ತು” ಎಂದರು. ನಮಗೆ ಉತ್ತರ ಹೊಳೆಯಲಿಲ್ಲ.

ನಾಲ್ಕು ದಿನ ಕಳೆದು ವಿಷು. ನೆರೆಮನೆಯ ಮಲಯಾಳಿ ಅಮ್ಮ ನಮ್ಮ ಮಕ್ಕಳಿಗೂ ಸೇರಿಸಿ ಕೈನೀಟ ಕೊಡುತ್ತಾರೆ. ಅವರ ಮನೆಗೆ ನಮ್ಮಲ್ಲಿಂದ ಹಲಸಿನ ಹಪ್ಪಳ ಹೋಗುತ್ತದೆ. ಇದು ನಮ್ಮ ತಾಯಿಯ ಕಾಲದಿಂದ ನಡೆದು ಬಂದದ್ದು.

ವಿಷು ಮುಗಿದ ಮೇಲೆ ಬಸದಿಯ ಸಭಾಭವನದಲ್ಲಿ ಮಕ್ಕಳ ಶಿಬಿರ. ಬೆಳಿಗ್ಗೆ ಪೂಜೆ, ಸ್ತೋತ್ರ, ಕಥೆ. ಮಧ್ಯಾಹ್ನ ಆಟ, ಚಿತ್ರ. ಸೂರ್ಯ ಮುಳುಗುವ ಮೊದಲು ಊಟ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದೆ ನಲವತ್ತು ಮಕ್ಕಳಿಗೆ ರುಚಿಯಾಗಿ ಬಡಿಸುವುದು ಸಣ್ಣ ಕೆಲಸವಲ್ಲ. ಎಳೆ ಹಲಸಿನ ಪಲ್ಯ, ಮಾವಿನಕಾಯಿ ಗೊಜ್ಜು, ಬಾಳೆಕಾಯಿ ಎಂದು ನಮ್ಮ ಹೆಂಗಸರು ದಿನಕ್ಕೊಂದು ಮಾಡುತ್ತಾರೆ. ಆರು ಗಂಟೆಗೆ ಉಂಡ ಪಟ್ಟಣದ ಮಕ್ಕಳಿಗೆ ಒಂಬತ್ತಕ್ಕೆ ಮತ್ತೆ ಹಸಿವು. ಒಬ್ಬ ಹುಡುಗನ ದಿಂಬಿನ ಕೆಳಗೆ ಬಿಸ್ಕತ್ತಿನ ಪೊಟ್ಟಣ ಸಿಕ್ಕಿತು. ಅವನನ್ನು ಗದರಿಸುವ ಕೆಲಸ ನಮಗೇ ಬಂತು. ಗದರಿಸಿದೆವು. ಅವನ ವಯಸ್ಸಿನಲ್ಲಿ ನಾವು ಬೆಲ್ಲದ ಡಬ್ಬಿಗೆ ಕೈ ಹಾಕುತ್ತಿದ್ದುದನ್ನು ಹೇಳಲಿಲ್ಲ.

ಅಕ್ಷಯ ತೃತೀಯೆ ಏಪ್ರಿಲ್ 30ಕ್ಕೆ. ಆರು ತಿಂಗಳ ಉಪವಾಸ ಮುಗಿದ ಮೇಲೂ, ಮುನಿಗೆ ಆಹಾರ ಕೊಡುವ ವಿಧಿಯೇ ಜನರಿಗೆ ತಿಳಿಯದೆ ಆದಿನಾಥ ಸ್ವಾಮಿ ಬರಿಗೈಲಿ ತಿರುಗಿದ್ದು, ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜ ಕಬ್ಬಿನ ಹಾಲು ನೀಡಿದ್ದು, ಈ ಕಥೆ ಹೇಳಿ ಮಕ್ಕಳಿಗೆಲ್ಲ ಕಬ್ಬಿನ ಹಾಲು ಕೊಟ್ಟೆವು. ಎಷ್ಟು ದಿನ ಊಟ ಇರಲಿಲ್ಲ ಎಂದು ಬಿಸ್ಕತ್ತಿನ ಹುಡುಗನೇ ಮೂರು ಸಲ ಕೇಳಿದ.

ಒಂದು ದಿನ ಮಕ್ಕಳನ್ನೆಲ್ಲ ವ್ಯಾನಿನಲ್ಲಿ ಕೂರಿಸಿ ಬಸದಿಗಳನ್ನು ತೋರಿಸಿ ತರುವುದು ವಾಡಿಕೆ. ಪುಳಿಯಾರ್ಮಲೆಯಲ್ಲಿ ಅನಂತನಾಥ ಸ್ವಾಮಿಯ ದರ್ಶನವಾಯಿತು. ಮಕ್ಕಳಿಗೆ ಹೆಚ್ಚು ಹಿಡಿಸುವುದು ಸುಲ್ತಾನ್ ಬತ್ತೇರಿಯ ಕಲ್ಲು ಬಸದಿ. ಪೇಟೆಯ ಗದ್ದಲದ ನಡುವೆಯೇ ಇದೆ. ಒಳಗೆ ಹೋದರೆ ಏಪ್ರಿಲಿನಲ್ಲೂ ತಣ್ಣನೆಯ ಕಲ್ಲು. ಟಿಪ್ಪುವಿನ ಕಾಲದಲ್ಲಿ ಇದನ್ನು ಮದ್ದುಗುಂಡಿನ ಕೋಠಿ ಮಾಡಿದರು. ಆ ಬ್ಯಾಟರಿಯಿಂದಲೇ ಊರಿಗೆ ಬತ್ತೇರಿ ಎಂಬ ಹೆಸರಾಯಿತು. ಅದಕ್ಕೂ ಮೊದಲಿನ ಹೆಸರುಗಳಲ್ಲಿ ಒಂದು ಹನ್ನೆರಡು ಬೀದಿ. ಕೇರಳದ ನಡುವೆ ಇಂಥ ಅಚ್ಚಗನ್ನಡದ ಹೆಸರು ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ. ಈಗ ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ನಿತ್ಯಪೂಜೆ ಇಲ್ಲ. ಮಕ್ಕಳು ಕೈಮುಗಿದು ಮೆಲ್ಲಗೆ ಣಮೋಕಾರ ಹೇಳಿದರು. ಕಲ್ಲಿನ ಕಂಬಗಳ ನಡುವೆ ಆ ಸ್ವರ ತುಂಬಿಕೊಂಡಿತು.

ಅಲ್ಲಿಂದ ಮರಳುವಾಗ ವ್ಯಾನಿನಲ್ಲೇ ಒಂದು ವಾದ ಹುಟ್ಟಿತು. ಅದು ಇಡೀ ಬೇಸಿಗೆ ನಮ್ಮನ್ನು ಬಿಡಲಿಲ್ಲ. ಶಿಬಿರದ ಸ್ತೋತ್ರ ಪುಸ್ತಕ ಹಳತಾಗಿ ಹರಿದಿತ್ತು, ಹೊಸತು ಅಚ್ಚು ಹಾಕಿಸಬೇಕಿತ್ತು. ಮಲಯಾಳ ಲಿಪಿಯಲ್ಲಿ ಹಾಕಿಸೋಣ ಎಂದರು ಕೆಲವರು. ನಲವತ್ತು ಮಕ್ಕಳಲ್ಲಿ ಕನ್ನಡ ಓದಬಲ್ಲವರು ಏಳೇ ಜನ. ಮನೆಯಲ್ಲಿ ಕನ್ನಡವನ್ನೇ ಆಡುತ್ತಾರೆ, ಆದರೆ ಅಕ್ಷರ ಬಾರದು. ಕೊಚ್ಚಿಯಲ್ಲಿರುವ ನಮ್ಮ ಮೊಮ್ಮಗಳೂ, ಹನ್ನೊಂದು ವರ್ಷದವಳು, ಆ ಮೂವತ್ತಮೂರರಲ್ಲಿ ಒಬ್ಬಳು.

ನಾವು ಕಡ್ಡಿ ಮುರಿದಂತೆ ಬೇಡ ಎಂದೆವು. ನಾವು ಓದಿದ್ದು ಹತ್ತನೆಯ ತರಗತಿಯವರೆಗೆ, ಅದೂ ಮಲಯಾಳದಲ್ಲೇ. ಕನ್ನಡ ಅಕ್ಷರವನ್ನು ಅಜ್ಜಿಯು ಮೊರದಲ್ಲಿ ಅಕ್ಕಿ ಹರಡಿ, ನಮ್ಮ ಬೆರಳು ಹಿಡಿದು ತಿದ್ದಿಸಿದ್ದು. ಅಷ್ಟರ ಮೇಲೆಯೇ ಈ ಪತ್ರಿಕೆ ಓದುತ್ತೇವೆ, ಇದನ್ನು ಬರೆಯುತ್ತೇವೆ. ನಮ್ಮ ಕಾಲಕ್ಕೆ ಅದೂ ಹೋಯಿತೆಂದರೆ ಹೇಗೆ? ನಾವು ಮೂಡಬಿದಿರೆಯ ಮಾತೆತ್ತಿದೆವು. ಅಲ್ಲಿಯ ಧವಳಾ ಗ್ರಂಥದ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿವೆ. ಷಟ್ಖಂಡಾಗಮ ಉಳಿದು ಬಂದದ್ದೇ ಕನ್ನಡದ ಅಕ್ಷರದಲ್ಲಿ ಎಂದು ಜೋರಾಗಿಯೇ ಹೇಳಿದೆವು.

ಶಿಬಿರದಲ್ಲಿ ಪಾಠ ಹೇಳುವ ಹುಡುಗಿ ಮೂಡಬಿದಿರೆ ಕಡೆಯಿಂದಲೇ ನಮ್ಮ ನೆಂಟರ ಮನೆಗೆ ಸೊಸೆಯಾಗಿ ಬಂದವಳು. ಅವಳು ಮೆಲ್ಲಗೆ, “ಮಾವಾ, ಆ ಗ್ರಂಥದ ಭಾಷೆ ಪ್ರಾಕೃತ, ಸಂಸ್ಕೃತ ಅಲ್ಲವೇ? ಬರೆದವರು ತಮಗೆ ಬರುವ ಅಕ್ಷರದಲ್ಲಿ ಬರೆದುಕೊಂಡರು. ನಮ್ಮ ಮಕ್ಕಳಿಗೆ ಬರುವ ಅಕ್ಷರ ಇದು” ಎಂದಳು. ಹಿಂದಿನ ಸೀಟಿನಿಂದ ಮತ್ತೊಬ್ಬರು, ಕಲ್ಪೆಟ್ಟದಲ್ಲೇ ಹುಟ್ಟಿದ ನಮ್ಮ ಎಂ.ಪಿ. ವೀರೇಂದ್ರಕುಮಾರರು ಮಲಯಾಳದಲ್ಲಿ ಬರೆದೇ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಲಿಲ್ಲವೇ ಎಂದರು. ನಾವು ಕಿಟಕಿಯಾಚೆ ನೋಡುತ್ತ ಕುಳಿತೆವು. ಅವಳ ಮಾತಿನಲ್ಲಿ ತಪ್ಪು ಹುಡುಕಿದೆವು, ಸಿಗಲಿಲ್ಲ.

ಎರಡು ಸಭೆಗಳಾದವು. ಕೊನೆಗೆ ಒಂದು ಪುಟದಲ್ಲಿ ಕನ್ನಡ, ಎದುರು ಪುಟದಲ್ಲಿ ಮಲಯಾಳ ಎಂದಾಯಿತು. ಕಾಗದ ಇಮ್ಮಡಿ, ಖರ್ಚೂ ಇಮ್ಮಡಿ. ಹೆಚ್ಚಿನದನ್ನು ಯಾರು ಕೊಡುವುದೆಂದು ಕೇಳಿದಾಗ ಎಲ್ಲರೂ ನಮ್ಮ ಕಡೆ ತಿರುಗಿದರು. ಗಲಾಟೆ ಮಾಡಿದವರು ನಾವೇ ಅಲ್ಲವೇ? ಆರು ಚೀಲ ಮೆಣಸಿನಲ್ಲಿ ಒಂದು ಹಾಗೆ ಹೋಯಿತು. ನಮ್ಮದೊಂದು ಷರತ್ತು ಇಟ್ಟೆವು: ದಿನಕ್ಕೊಂದು ಗಂಟೆ ಕನ್ನಡ ಅಕ್ಷರ ಕಲಿಸಬೇಕು. ಹಾಗಾದರೆ ನೀವೇ ಬನ್ನಿ ಮಾವಾ ಎಂದಳು ಆ ಹುಡುಗಿ. ಮೇ ತಿಂಗಳೆಲ್ಲ ಅಂಗಡಿಯನ್ನು ಮಗನ ಮೇಲೆ ಬಿಟ್ಟು ನಾವು ಮೊರ, ಅಕ್ಕಿ ಹಿಡಿದು ಹೋದೆವು. ಮಕ್ಕಳಿಗೆ ಮೊದಲು ನಗೆಯೋ ನಗೆ. ಆಮೇಲೆ ಮೊರಕ್ಕಾಗಿ ಜಗಳ. ‘ಳ’ ಮಲಯಾಳದಲ್ಲೂ ಹೆಚ್ಚು ಕಡಿಮೆ ಇದೇ ಸುತ್ತು, ‘ಕ’ ಮಾತ್ರ ಬೇರೆ ಎಂದು ಅವರೇ ಲೆಕ್ಕ ಹಾಕತೊಡಗಿದರು.

ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತು. ಹಿಂದಿನ ವರ್ಷ, 2024ರ ಜುಲೈ 30ರಂದು, ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಜರಿದು ಊರಿಗೆ ಊರೇ ಹೋದದ್ದನ್ನು ನಾವು ಯಾರೂ ಮರೆತಿರಲಿಲ್ಲ. ಮಳೆ ಜೋರಾದ ಕೂಡಲೇ ತಂದೆ ತಾಯಂದಿರ ಫೋನು, ಮಕ್ಕಳನ್ನು ಕಳಿಸಿಬಿಡಿ ಎಂದು. ಮೇ 31ರ ಶ್ರುತ ಪಂಚಮಿಗೆ ಶಿಬಿರದ ಸಮಾರೋಪ ಇಟ್ಟುಕೊಂಡಿದ್ದೆವು. ಆ ದಿನಕ್ಕೆ ಉಳಿದದ್ದು ಹದಿನೆಂಟು ಮಕ್ಕಳು. ಮೆರವಣಿಗೆ ಕೈಬಿಟ್ಟು, ಶಾಸ್ತ್ರಗಳನ್ನು ಒಳಗೇ ಪೀಠದ ಮೇಲಿಟ್ಟು ಪೂಜಿಸಿದೆವು. ಹೊಸ ಪುಸ್ತಕ ಹಿಡಿದು ಮಕ್ಕಳು ಭಕ್ತಾಮರ ಓದಿದರು. ಹಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಯಾರು ಯಾವ ಪುಟ ನೋಡುತ್ತಿದ್ದಾರೆಂದು ನಮಗೆ ತಿಳಿಯಲಿಲ್ಲ. ಬಗ್ಗಿ ನೋಡಲೂ ಮನಸ್ಸಾಗಲಿಲ್ಲ.

ಜೂನ್ 2ಕ್ಕೆ ಶಾಲೆ. ಅದರ ಹಿಂದಿನ ದಿನ ಮೊಮ್ಮಗಳು ಹೊರಡಬೇಕು. ಬೆಳಿಗ್ಗೆ ಅಂಗಡಿಗೆ ಬಂದವಳು ಅಟ್ಟದಿಂದ ಇಳಿಸಿಟ್ಟ ಹಳೆಯ ಲೆಕ್ಕದ ಪುಸ್ತಕ ತೆರೆದಳು. ನಮ್ಮ ತಂದೆಯವರ ಕೈಬರಹ, ಕನ್ನಡದ್ದು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ಮೆ, ಣ, ಸು. ಆಮೇಲೆ ಒಂದು ಹೆಸರು. ಅದರ ಮುಂದೆ ‘ಬಾಕಿ’ ಎಂದು ಓದಿ, ಪುಟದ ಕೊನೆಯವರೆಗೂ ಹುಡುಕಿ, “ಅಜ್ಜಾ, ಇವರು ಆಮೇಲೆ ದುಡ್ಡು ಕೊಟ್ಟರಾ?” ಎಂದು ಕೇಳಿದಳು.

ಕೊಟ್ಟಿಲ್ಲ. ಅವರ ಮೊಮ್ಮಗ ಈಗ ನಮ್ಮ ಅಂಗಡಿಯ ಎದುರಿನಲ್ಲೇ ಬೇಕರಿ ಇಟ್ಟಿದ್ದಾನೆ ಎಂದೆವು. ಅವಳು ಪುಸ್ತಕ ಹಿಡಿದುಕೊಂಡೇ ರಸ್ತೆ ದಾಟಲು ಎದ್ದಳು. ತಡೆಯುವಷ್ಟರಲ್ಲಿ ಸಾಕಾಯಿತು.